ಮೂಗಿಗೆ ರಜೆ

ಬೆಳಗ್ಗೆ ಎದ್ದು ನಮ್ಮಣ್ಣನ ಕಣ್ಣು ಬಿಡಿಸುವುದೇ ನಮ್ಮ ಮನೆಯ ಮೊದಲ ಕೆಲಸವಾಗಿತ್ತು. ರಾತ್ರಿಯೆಲ್ಲ ಸೋರಿದ ಪಿಸುರು ಒಣಗಿ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಅತ್ತಿಗೆ ಹಳೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಕಣ್ಣಿನ ಮೇಲಿಟ್ಟು, ನೆನೆಯುವವರೆಗೆ ಕಾದು, ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಬಿಡಿಸುತ್ತಿದ್ದಳು.

"ನಿಧಾನ ಕಣೇ. ಕಿತ್ಕೊಂಡು ಬಂದೀತು."

"ಬರ್ಲಿ ಬಿಡ್ರಿ. ನೆಟ್ಟಗಿದ್ದಾಗ ಏನು ನೋಡಿ ಉದ್ಧಾರ ಆದ್ರಿ?"

ಬಾಯಿ ಹಾಗೆ. ಕೈ ಮಾತ್ರ ಮಗುವಿನ ಮೈ ಮುಟ್ಟಿದ ಹಾಗೆ.

ಅಣ್ಣ ಕೋಳಿ ಫಾರಮ್ಮಿನಲ್ಲಿ ಹಿಕ್ಕೆ ಬಾಚುತ್ತಿದ್ದ. ಅತ್ತಿಗೆ ಮತ್ತು ನಾನು ಅದೇ ಶೆಡ್ಡಿನಲ್ಲಿ ಮೊಟ್ಟೆ ಆಯುತ್ತೇವೆ. ಫಾರಮ್ಮಿನ ಹಿಂದಿನ ಸಾಲುಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಕೆಲಸ ಇರುವವರೆಗೆ ಕೋಣೆ, ಕೆಲಸ ಹೋದರೆ ಬೀದಿ. ಶೆಡ್ಡಿನೊಳಗೆ ಈ ತುದಿಯಿಂದ ಆ ತುದಿಗೆ ತಂತಿಯ ಗೂಡುಗಳು, ಗೂಡುಗಳ ಕೆಳಗೆ ಹಿಕ್ಕೆಯ ದಿಬ್ಬ. ಅಣ್ಣ ಬಗ್ಗಿ, ಗೂಡಿನಡಿಗೆ ತಲೆ ತೂರಿಸಿ ಅದನ್ನು ಬಾಚಿ ಹೊರಗೆ ಎಳೆಯಬೇಕಿತ್ತು. ಕೈ ತುಂಬ ಹೊಲಸು, ಹಾಗಾಗಿ ಕಣ್ಣು ಉರಿದರೆ ಭುಜಕ್ಕೆ ಉಜ್ಜಿಕೊಳ್ಳುತ್ತಿದ್ದ. ಕೋಳಿಗಳೂ ಅಷ್ಟೇ, ಕಣ್ಣನ್ನು ರೆಕ್ಕೆಗೆ ಉಜ್ಜಿಕೊಂಡು ಮುಚ್ಚಿ ಕೂರುತ್ತಿದ್ದವು. ಇದನ್ನು ನಾವು ದಿನಾ ನೋಡುತ್ತಿದ್ದೆವು. ನೋಡಿ ಸುಮ್ಮನಿದ್ದೆವು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ದಿನ ಬಾಗಿಲಲ್ಲೇ ವಾಂತಿ ಮಾಡಿದ್ದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. "ಮೂಗು ಸಾಯೋವರೆಗೂ ಅಷ್ಟೇ ಕಣೇ. ಆಮೇಲೆ ನೀನೂ ನಮ್ಮೋಳೇ" ಎಂದಿದ್ದರು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗೂಡುಗಳ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿ ತಿಂದೆ. ಯಾವ ವಾಸನೆಯೂ ಬರಲಿಲ್ಲ. "ಸತ್ತಿತು, ಸತ್ತಿತು! ಇವಳ ಮೂಗು ಸತ್ತಿತು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಸಂಜೆ ನಲ್ಲಿಯಲ್ಲಿ ಕೈಕಾಲು ತೊಳೆಯಲು ಮೊದಲ ಸರದಿ ನನಗೇ ಬಿಟ್ಟರು. ನಮ್ಮ ಶೆಡ್ಡಿನಲ್ಲಿ ಅದೊಂದು ಮರ್ಯಾದೆ. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ನಮ್ಮತ್ತಿಗೆಯ ವಿಷಯ ಸ್ವಲ್ಪ ಹೇಳಬೇಕು. ಅವಳನ್ನು ಎಲ್ಲರೂ ಕರೆಯುವುದು ಅನುಮಾನದಕ್ಕ ಅಂತ. ಅಂಗಡಿಯವನು ತೂಗುವಾಗ ತಕ್ಕಡಿಯ ತಟ್ಟೆಯನ್ನು ಬೋರಲು ಹಾಕಿ ನೋಡುತ್ತಾಳೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕಂಡಕ್ಟರನ್ನು ಕೇಳಿ, ಹತ್ತಿ ಕೂತು, ಪಕ್ಕದವರನ್ನು ಮತ್ತೆ ಕೇಳುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ಅಣ್ಣ "ಇವತ್ತು ಅಡಿಗೆ ಚೆನ್ನಾಗಿದೆ" ಎಂದರೆ, "ಏನು ಮುರ್ಕೊಂಡು ಬಂದ್ರಿ, ಮೊದ್ಲು ಅದನ್ನ ಹೇಳಿ" ಎನ್ನುತ್ತಾಳೆ. ನಾವು ನಗುತ್ತೇವೆ. ಆದರೆ ಯಾವುದಕ್ಕೇ ಆಗಲಿ ಹೂಂ ಅನ್ನುವ ಮೊದಲು ಅವಳ ಮುಖ ನೋಡುತ್ತೇವೆ.

ಫಾರಮ್ಮಿನ ಗೋಡೆಯಾಚೆ ಹೊಸ ಬಡಾವಣೆ ಎದ್ದಿತ್ತು. ದೊಡ್ಡ ದೊಡ್ಡ ಮನೆಗಳು. ಅಲ್ಲಿಯವರು ನಾತ ತಡೆಯಲಾಗುತ್ತಿಲ್ಲ, ನೊಣ ತಡೆಯಲಾಗುತ್ತಿಲ್ಲ, ಹಿಕ್ಕೆಯ ಗಾಳಿ ಪರಿಸರವನ್ನೇ ಹಾಳುಮಾಡುತ್ತಿದೆ ಎಂದು ದೂರು ಕೊಟ್ಟರು. ಅವರು ಹೇಳಿದ್ದು ಸುಳ್ಳೇನಲ್ಲ. ಯಜಮಾನರು ಶೆಡ್ಡಿನ ಎರಡೂ ಬದಿಗೆ ನೆಲದಿಂದ ಸೂರಿನವರೆಗೆ ದಪ್ಪ ಪರದೆ ಇಳಿಸಿದರು. ಹಿಂದಿನ ತುದಿಯಲ್ಲಿ ಒಂದು ಯಂತ್ರ ಕೂರಿಸಿದರು. ದೊಡ್ಡ ಫ್ಯಾನುಗಳು ಒಳಗಿನ ಗಾಳಿಯನ್ನು ಎಳೆಯುತ್ತವೆ, ಆ ಗಾಳಿ ಸದಾ ನೀರು ಇಳಿಯುವ ಒಂದು ಗೋಡೆಯ ಮೂಲಕ ಹಾದು ತೊಳೆದುಕೊಂಡು ಹೊರಗೆ ಹೋಗುತ್ತದೆ. ಒಳಗೂ ಒಳ್ಳೆಯದು, ಹೊರಗೂ ಒಳ್ಳೆಯದು. ಗೇಟಿನ ಮೇಲೆ "ಹಸಿರು ಫಾರಂ" ಎಂಬ ಬೋರ್ಡು ಬಂತು. ಮೊಟ್ಟೆಯ ಡಬ್ಬಿಗಳ ಮೇಲೆ ಎಲೆಯ ಚಿತ್ರ ಬಂತು.

"ಇಷ್ಟು ಒಳ್ಳೇದು ಸುಮ್ಮನೆ ಯಾರು ಮಾಡ್ತಾರೆ?" ಎಂದಳು ಅತ್ತಿಗೆ.

"ನಿಂಗೆ ದೇವರು ಬಂದು ನಿಂತ್ರೂ ಅನುಮಾನವೇ" ಎಂದ ಅಣ್ಣ.

ಅವಳು ಕಣ್ಣಲ್ಲಿ ಕಣ್ಣಿಟ್ಟು ಆ ಯಂತ್ರವನ್ನು ಕಾಯತೊಡಗಿದಳು. ಒಂದು ದಿನ ಓಡುತ್ತಿತ್ತು, ಒಂದು ದಿನ ಇಲ್ಲ. ಕರೆಂಟು ಜಾಸ್ತಿ ತಿನ್ನುತ್ತೆ, ನೀರು ಜಾಸ್ತಿ ಕುಡಿಯುತ್ತೆ ಎಂದು ಮೇನೇಜರು ಗೊಣಗುವುದು ಅವಳ ಕಿವಿಗೆ ಬಿತ್ತು. ಓಡಿದ ದಿನ ಮೂಸಿ ನೋಡಿದಳು. ಓಡದ ದಿನವೂ ಮೂಸಿ ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ, "ಯಂತ್ರ ಬರೀ ಓಳು ಕಣೇ. ಓಡಿದ್ರೂ ಅಷ್ಟೇ, ಓಡದಿದ್ರೂ ಅಷ್ಟೇ. ಯಾರಿಗೋ ಟೋಪಿ ಹಾಕೋಕೆ ತಂದಿದ್ದಾರೆ" ಎಂದಳು.

ಆ ಸಮಯಕ್ಕೇ ಪರಿಸರದ ಅಧಿಕಾರಿ ಬಂದರು. ಅವತ್ತು ಬೆಳಗ್ಗಿನಿಂದ ಯಂತ್ರ ಭೋರೆಂದು ಓಡುತ್ತಿತ್ತು. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಶೆಡ್ಡಿನ ಬಾಗಿಲಲ್ಲೇ ನಿಂತು ಕೇಳಿದರು. "ನೀವೇ ದಿನವಿಡೀ ಒಳಗಿರೋರು. ಹೆದರ್ಬೇಡಿ, ಇದ್ದದ್ದು ಹೇಳಿ. ಕೆಟ್ಟ ಗಾಳಿ ಇದೆಯಾ? ವಾಸನೆ ಬರುತ್ತಾ?"

ನಾವೆಲ್ಲ ಅತ್ತಿಗೆಯ ಕಡೆ ತಿರುಗಿದೆವು. ಮೇನೇಜರು ಹಿಂದೆ ಕೈ ಕಟ್ಟಿ ನಿಂತಿದ್ದ.

ಅತ್ತಿಗೆ ಸೆರಗು ಬಿಗಿದುಕೊಂಡು ಮುಂದೆ ಬಂದಳು. "ಸುಳ್ಳು ಹೇಳೋ ಜಾಯಮಾನ ನನ್ನದಲ್ಲ ಸಾರ್. ಇವರು ಈ ಯಂತ್ರ ದಿನಾ ಓಡಿಸಲ್ಲ. ಇವತ್ತು ನೀವು ಬರ್ತೀರಂತ ಓಡಿಸಿದ್ದಾರೆ. ಅದೂ ಹೇಳ್ತೀನಿ, ಇದೂ ಹೇಳ್ತೀನಿ. ಒಳಗೆ ಯಾವ ವಾಸನೆಯೂ ಇಲ್ಲ. ಯಂತ್ರ ಓಡಿದ್ರೂ ಇಲ್ಲ, ಓಡದಿದ್ರೂ ಇಲ್ಲ."

ಇವತ್ತಿಗೆ ನಮ್ಮ ಕೆಲಸ ಹೋಯಿತು ಅಂದುಕೊಂಡೆ. ಆದರೆ ಮೇನೇಜರು ಬಯ್ಯಲಿಲ್ಲ. ನಕ್ಕ. "ನೋಡಿ ಸಾರ್, ನಮ್ಮ ಜನ ಎಷ್ಟು ನಿಯತ್ತಿನವರು. ನಮ್ಮ ತಪ್ಪನ್ನೂ ಮುಚ್ಚಿಡಲ್ಲ" ಎಂದ. ಅಧಿಕಾರಿ ತಲೆದೂಗಿದರು.

ಅಂದಿನಿಂದ ಅತ್ತಿಗೆಗೆ ಅನ್ನ ರುಚಿಸಲಿಲ್ಲ. "ಬಯ್ಬೇಕಾದೋನು ಯಾಕೆ ನಕ್ಕ?" ನೀರು ಸೇದುವಾಗ ಅದೇ ಮಾತು, ಹಾಸಿಗೆ ಕೊಡವುವಾಗಲೂ ಅದೇ. "ನಾನು ಅವನ ಕಾಲಿನ ಕೆಳಗೆ ಬೆಂಕಿ ಇಟ್ಟೆ ಅಂದ್ಕೊಂಡೆ. ಅವನು ಚಳಿ ಕಾಯಿಸ್ಕೊಂಡ. ಎಲ್ಲೋ ಏನೋ ಆಗಿದೆ ಕಣೇ."

ಯಂತ್ರ ಮಾತ್ರ ಮತ್ತೆ ಓಡಲಿಲ್ಲ. ಪರದೆಗಳು ಮೇಲೇಳಲಿಲ್ಲ. ಬಡಾವಣೆಯವರು ಗೋಡೆಯ ಪಕ್ಕದಲ್ಲೇ ಬೆಳಗಿನ ವಾಕಿಂಗ್ ಶುರುಮಾಡಿದರು. ಹೊರಗಿನ ಗಾಳಿ ಚೊಕ್ಕಟವಾಗಿತ್ತು. ಆ ಹೊಲಸು ಗಾಳಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ನಾವು ಕೂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಎಡಗಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ಒಂದು ಬೆಳಗ್ಗೆ ಅತ್ತಿಗೆ ಮೊದಲು ಆ ಕಣ್ಣಿನ ರೆಪ್ಪೆ ಬಿಡಿಸಿದಳು. "ಬಿಡಿಸಿದೆಯಾ?" ಎಂದು ಅಣ್ಣ ಕೇಳಿದ. ಕಣ್ಣು ತೆರೆದೇ ಇತ್ತು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, "ಎಡಗಣ್ಣಿನ ಆಸೆ ಬಿಡಿ. ಹುಣ್ಣಾಗಿದೆ. ಬಲಗಣ್ಣಲ್ಲೂ ಶುರುವಾಗ್ತಿದೆ. ಇದು ಕೆಟ್ಟ ಗಾಳಿಯಿಂದ ಆಗಿರೋದು. ಆ ಗಾಳಿ ತಪ್ಪದಿದ್ರೆ ಇದೂ ಹೋಗುತ್ತೆ" ಎಂದರು.

"ಅಲ್ಲಿ ಕೆಟ್ಟ ಗಾಳಿ ಇಲ್ಲಮ್ಮ" ಎಂದಳು ಅತ್ತಿಗೆ. "ನಾನು ದಿನಾ ಅಲ್ಲೇ ಇರ್ತೀನಲ್ಲ. ಒಂಚೂರೂ ನಾತ ಇಲ್ಲ."

ಡಾಕ್ಟರಮ್ಮ ಮುಂದಿನವರನ್ನು ಕರೆದರು. ಅಣ್ಣನನ್ನು ಅಲ್ಲೇ ಸೇರಿಸಿಕೊಂಡರು. ಅತ್ತಿಗೆ ಅವನ ಜೊತೆ ಉಳಿದಳು. ನಾನು ಕೋಣೆ ಉಳಿಯಲೆಂದು ಕೆಲಸಕ್ಕೆ ಮರಳಿದೆ. ಬಸ್‌ಸ್ಟ್ಯಾಂಡಿನವರೆಗೆ ಬಂದ ಅತ್ತಿಗೆ, "ಈ ಡಾಕ್ಟರಮ್ಮನ ಮೇಲೂ ಒಂದು ಕಣ್ಣಿಟ್ಟಿರ್ಬೇಕು" ಎಂದಳು.

ವಾರ ಕಳೆದು ಅವಳು ಬಟ್ಟೆಬರೆ ಒಯ್ಯಲು ಬಂದಳು. ಬಂದವಳು ಒಂದು ಹೊತ್ತಿನ ಕೆಲಸ ಮಾಡಿಹೋಗೋಣವೆಂದು ಶೆಡ್ಡಿಗೆ ಬಂದಳು. ನಾವೆಲ್ಲ ಒಳಗೆ ಟ್ರೇ ಹಿಡಿದು ಮೊಟ್ಟೆ ಆಯುತ್ತ, ಯಾರದೋ ಸೊಸೆಯ ವಿಷಯಕ್ಕೆ ನಗುತ್ತ ಇದ್ದೆವು. ಅತ್ತಿಗೆ ಬಾಗಿಲಿನ ಪರದೆ ಸರಿಸಿದಳು. ಯಾರೋ ಎದೆಗೆ ಗುದ್ದಿದ ಹಾಗೆ ಹಿಂದಕ್ಕೆ ಹೋದಳು.

"ಹೊರಗೆ ಬನ್ರೇ!" ಎಂದು ಕಿರುಚಿದಳು. "ಏನೋ ಒಡೆದಿದೆ! ಗ್ಯಾಸು! ಎಲ್ಲ ಹೊರಗೆ ಬನ್ರೇ!"

ನಾವು ಟ್ರೇ ಕೆಳಗಿಟ್ಟು ಓಡಿಬಂದೆವು. ಅವಳ ಕಣ್ಣಲ್ಲಿ, ಮೂಗಲ್ಲಿ ನೀರು. ಬಗ್ಗಿ ವಾಂತಿ ಮಾಡಿದಳು. ನಾವು ಗಾಳಿಯನ್ನು ಮೂಸಿದೆವು. ಏನೂ ಇಲ್ಲ.

"ಎಲ್ಲಿ ಅತ್ತಿಗೆ? ಏನೂ ಒಡೆದಿಲ್ವಲ್ಲ."

"ಆಸ್ಪತ್ರೆ ಔಷಧಿ ವಾಸನೆ ತಲೆಗೆ ಹತ್ತಿರ್ಬೇಕು" ಎಂದಳೊಬ್ಬಳು.

"ಹೊಸ ಹುಡುಗಿ ಥರ ವಾಂತಿ ಮಾಡ್ತಾಳಲ್ಲಪ್ಪ. ಅಕ್ಕಾ, ನಿನ್ನ ಮೂಗು ಮತ್ತೆ ಹುಟ್ಟಿತಾ?" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಅತ್ತಿಗೆ ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಹಾಗೆ ಹೇಳಿದವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಬಂದು ಕೆಲಸಕ್ಕೆ ನಿಂತಳು. ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆ ಮತ್ತೆ ಗಾಳಿ ಮೂಸಿದಳು. ಬಿಸಿಲೇರುವ ಹೊತ್ತಿಗೆ ನನ್ನ ರಟ್ಟೆ ಹಿಡಿದಳು.

"ಹೋಯ್ತು ಕಣೇ."

"ಏನು ಹೋಯ್ತು?"

"ವಾಸನೆ. ಈಗ ಬರ್ತಾ ಇಲ್ಲ. ಗಾಳಿ ಅದೇ. ಒಂದು ಪರದೆ ಎತ್ತಿಲ್ಲ, ಒಂದು ಫ್ಯಾನು ತಿರುಗಿಲ್ಲ. ಹೋದದ್ದು ವಾಸನೆ ಅಲ್ಲ ಕಣೇ. ನನ್ನ ಮೂಗು."

ಅವಳು ಹಾಗೆ ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ತಕ್ಕಡಿಯನ್ನು ನಂಬಲಿಲ್ಲ, ಮೇನೇಜರನ್ನು ನಂಬಲಿಲ್ಲ, ಡಾಕ್ಟರಮ್ಮನನ್ನೂ ನಂಬಲಿಲ್ಲ. ಊರೆಲ್ಲವನ್ನೂ ಅನುಮಾನಿಸಿದವಳು ಒಂದನ್ನು ಮಾತ್ರ ಬಿಟ್ಟುಬಿಟ್ಟಿದ್ದಳು. "ಮೂಗು ಸತ್ತಿತು ಅಂತ ನಾವೇ ಚಪ್ಪಾಳೆ ತಟ್ಟಿದ್ವಿ" ಎಂದಳು. "ಆಮೇಲೆ ಆ ಸತ್ತ ಮೂಗಿನ ಮಾತು ಕೇಳಿ ಸಾಕ್ಷಿ ಹೇಳಿದ್ವಿ."

ಸೀದಾ ಮೇನೇಜರ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ.

"ಯಂತ್ರ ಓಡಿಸಿ ಸಾರ್. ನನ್ನ ಗಂಡನ ಒಂದು ಕಣ್ಣು ಹೋಯ್ತು. ಇನ್ನೊಂದಾದ್ರೂ ಉಳೀಲಿ."

ಮೇನೇಜರು ಕುರ್ಚಿಗೆ ಒರಗಿದ. ಅದೇ ನಗು. "ಅಲ್ಲಮ್ಮ, ನಿಲ್ಸಿದ್ದು ಯಾರ ಮಾತಿಗೆ? ಓಡಿದ್ರೂ ಅಷ್ಟೇ, ಓಡದಿದ್ರೂ ಅಷ್ಟೇ ಅಂತ ಅಧಿಕಾರಿಗಳ ಮುಂದೆ ಹೇಳಿದ್ದು ಯಾರು? ಯಜಮಾನ್ರು ಕೇಳಿದ್ರು, ನಾನು ಹೇಳ್ದೆ, ಒಳಗೆ ಕೆಲಸ ಮಾಡೋ ಹೆಂಗಸೇ ಹೇಳ್ತಾಳೆ ಅಂತ. ನಿನ್ನ ಮಾತಿಗೆ ಎಷ್ಟು ಬೆಲೆ ಕೊಟ್ಟಿದ್ದೀವಿ ನೋಡು."

"ನೀವು ಯಾವತ್ತಾದ್ರೂ ಒಳಗೆ ಬಂದಿದ್ದೀರಾ ಸಾರ್?"

"ನಂಗೆ ಆಫೀಸಿನ ಕೆಲಸವೇ ಮುಗಿಯಲ್ಲ."

"ನಿಮ್ಮ ಮೂಗು ಚೆನ್ನಾಗಿದೆ. ಅದಕ್ಕೇ ಬರಲ್ಲ. ಅವತ್ತು ನಕ್ಕಿದ್ದೂ ಅದಕ್ಕೇ."

ನಗು ಅಲ್ಲಿಗೆ ನಿಂತಿತು. "ಜಾಸ್ತಿ ಮಾತಾಡ್ಬೇಡ. ಕೋಣೆ ಬೇಕೋ ಬೇಡವೋ?" ಎಂದ.

ಸಂಜೆ ಸಾಲುಮನೆಯ ಅಂಗಳದಲ್ಲಿ ಅತ್ತಿಗೆ ಎಲ್ಲವನ್ನೂ ಹೇಳಿದಳು. ಯಾರೂ ನಂಬಲಿಲ್ಲ. ಅವರನ್ನು ತಪ್ಪೆನ್ನಲಾರೆ, ನಾನೇ ನಂಬಿರಲಿಲ್ಲ. ನಮ್ಮ ಮೂಗು ನಮ್ಮ ಮುಖದ ಮೇಲೇ ಇದೆ, ಅದು ನಮಗೆ ಮೋಸ ಮಾಡುತ್ತದೆಯೇ? "ಅಕ್ಕಂಗೆ ಇನ್ನೊಂದು ಅನುಮಾನ ಹುಟ್ಟಿತು" ಎಂದು ಎದ್ದುಹೋದರು.

"ನಂಬಬೇಡಿ" ಎಂದಳು ಅತ್ತಿಗೆ. "ನನ್ನನ್ನೂ ನಂಬಬೇಡಿ. ಮೂಗಿಗೆ ರಜೆ ಕೊಟ್ಟು ನೋಡಿ."

ಮೊದಲು ನನ್ನನ್ನೇ ಆಸ್ಪತ್ರೆಗೆ ಕಳಿಸಿದಳು. ಅಣ್ಣನ ಮಂಚದ ಪಕ್ಕದಲ್ಲಿ ಮಲಗಿದೆ, ಅವನ ಬಲಗಣ್ಣಿಗೆ ಔಷಧಿ ಬಿಟ್ಟೆ. ಕೆಲವು ದಿನ ಬಿಟ್ಟು ಬೆಳಗ್ಗೆ ಬಸ್ಸಿಳಿದು ಗೇಟು ದಾಟಿದೆ. ಶೆಡ್ಡಿನ ಪರದೆ ಸರಿಸಿದೆ. ಮೂಗಿನೊಳಗೆ ಸೂಜಿ ಚುಚ್ಚಿದಂತಾಯಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು, ಹೊಟ್ಟೆಯಲ್ಲಿದ್ದುದೆಲ್ಲ ಬಾಯಿಗೆ ಬಂತು. ಈ ಗಾಳಿಯಲ್ಲಿ ಕೂತು ನಾನು ಬುತ್ತಿ ತಿಂದಿದ್ದೆ! ಇದರೊಳಗೆ ತಲೆ ತೂರಿಸಿ ನಮ್ಮಣ್ಣ ದಿನವಿಡೀ ಉಸಿರಾಡಿದ್ದ! ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಈ ಸಲ ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೊರಟರು. ಒಬ್ಬಳು ತವರಿಗೆ, ಇನ್ನೊಬ್ಬಳು ಮಗಳ ಮನೆಗೆ, ಮತ್ತೊಬ್ಬಳು ಜ್ವರ ಎಂದು ಕೋಣೆಯಲ್ಲೇ ಉಳಿದಳು. ಉಳಿದವರು ಅವರ ಗೂಡುಗಳನ್ನೂ ನೋಡಿಕೊಂಡರು. ಹೋದವರು ಮರಳಿ ಬಂದು ಪರದೆ ಸರಿಸುವುದು, ಹಿಂದಕ್ಕೆ ಬೀಳುವುದು. ಅತ್ತಿಗೆ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. "ಬಾಯಿ ತೊಳ್ಕೊ. ಈಗ ಹೇಳು, ನಂದು ಅನುಮಾನವಾ?"

ಕೊನೆಯವಳೂ ಬಂದು ವಾಂತಿ ಮಾಡಿದ ಮೇಲೆ ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು. ಬೆಳಗ್ಗೆ ಕೋಳಿಗಳಿಗೆ ಕಾಳು, ನೀರು ಕೊಟ್ಟು ಹೊರಗೆ ಬರುವುದು. ಅವುಗಳ ಮೇಲೆ ನಮಗೇನೂ ಹಗೆಯಿಲ್ಲ, ಅವೂ ನಮ್ಮ ಹಾಗೇ ಒಳಗೆ ಸಿಕ್ಕಿಕೊಂಡವು. ಮೊಟ್ಟೆ ಮುಟ್ಟುವುದಿಲ್ಲ. ಯಂತ್ರ ಓಡುವವರೆಗೆ ಒಂದು ಟ್ರೇ ಕೂಡ ತುಂಬುವುದಿಲ್ಲ.

ಮೊಟ್ಟೆಗಳು ಉರುಳಿ ಬಂದು ಗೂಡಿನ ಮುಂದಿನ ತಂತಿಯ ದೋಣಿಯಲ್ಲಿ ನಿಂತವು. ಅವುಗಳ ಹಿಂದೆ ಇನ್ನಷ್ಟು. ಒಂದಕ್ಕೊಂದು ತಾಗಿ ಒಡೆದವು, ಲೋಳೆ ನೆಲಕ್ಕೆ ಸುರಿಯಿತು. ಎಲೆಯ ಚಿತ್ರದ ಡಬ್ಬಿಗಳು ಖಾಲಿ ಬಿದ್ದಿದ್ದವು. ಮೇನೇಜರು ಬೈದ, ಗದರಿದ, ಕೋಣೆ ಖಾಲಿ ಮಾಡಿಸುತ್ತೇನೆಂದ. ನಾವು ಬಾಗಿಲ ಮುಂದೆ ಕೂತೇ ಇದ್ದೆವು. ಒಳಗೊಳಗೆ ಪುಕಪುಕ ಇರಲಿಲ್ಲ ಎಂದು ಹೇಳಲಾರೆ.

ಮಾರನೆಯ ಬೆಳಗ್ಗೆ ಒಂದು ವ್ಯಾನು ಬಂತು. ಎಲ್ಲಿಂದಲೋ ಕರೆತಂದ ಹೊಸ ಹೆಂಗಸರು ಇಳಿದರು. ನಮ್ಮಂಥವರೇ, ನಮ್ಮಂಥದೇ ಸವೆದ ಚಪ್ಪಲಿ. ಹಿಂದೆ ಕಾರಿನಲ್ಲಿ ಯಜಮಾನರು ಬಂದರು. "ಇವರಿಗೆ ಬೇಡದಿದ್ರೆ ಬಿಡ್ಲಿ. ಕೆಲಸಕ್ಕೆ ಜನಕ್ಕೇನು ಬರವಾ?" ಎಂದರು.

ನಮ್ಮವಳೊಬ್ಬಳು ಅಡ್ಡ ನಿಲ್ಲಲು ಎದ್ದಳು. ಅತ್ತಿಗೆ ಅವಳ ಕೈ ಹಿಡಿದು ಕೂರಿಸಿದಳು. "ಬಿಡ್ರೇ. ಹೋಗ್ಲಿ ಒಳಗೆ" ಎಂದಳು. ನಾವೇ ಸರಿದು ದಾರಿ ಬಿಟ್ಟೆವು.

ಹೊಸಬರು ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ಮುಂದಿದ್ದ ಹುಡುಗಿಯೊಬ್ಬಳು ಕಣ್ಣು ಕಾಣದೆ ತಡವರಿಸುತ್ತ ಬಂದು ಯಜಮಾನರ ಕಾರಿನ ಪಕ್ಕದಲ್ಲೇ ವಾಂತಿ ಮಾಡಿದಳು. ಅತ್ತಿಗೆ ಅವಳ ಹಣೆ ಹಿಡಿದುಕೊಂಡಳು.

"ಏನಮ್ಮ ನಿನ್ನ ನಾಟಕ?" ಎಂದು ಯಜಮಾನರು ಅತ್ತಿಗೆಯ ಮೇಲೆ ಹರಿಹಾಯ್ದರು. "ಅವತ್ತು ವಾಸನೆ ಇಲ್ಲ ಅಂದೋಳು ನೀನೇ ತಾನೆ? ಇವತ್ತು ಹೇಳು, ಇದೆಯೋ ಇಲ್ಲವೋ?"

"ನನ್ನ ಕೇಳ್ಬೇಡಿ ಯಜಮಾನ್ರೇ. ನಂದು ನೀವು ಸಾಯಿಸಿದ ಮೂಗು" ಎಂದಳು ಅತ್ತಿಗೆ. "ಇವಳನ್ನ ಕೇಳಿ. ಇವಳದ್ದು ಇನ್ನೂ ಬದುಕಿದೆ. ಇಲ್ಲಾಂದ್ರೆ ನೀವೇ ಒಂದು ಹೆಜ್ಜೆ ಒಳಗೆ ಬನ್ನಿ."

ಯಜಮಾನರು ಮೇನೇಜರ ಮುಖ ನೋಡಿದರು. ಮೇನೇಜರು ನೆಲ ನೋಡಿದ. ಇಬ್ಬರೂ ಪರದೆಯ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಅತ್ತಿಗೆ ಹುಡುಗಿಯನ್ನು ನಲ್ಲಿಯ ಹತ್ತಿರ ಕರೆದೊಯ್ದಳು. "ಮೊದ್ಲು ನೀನು ತೊಳ್ಕೊ" ಎಂದಳು. ನಾವೆಲ್ಲ ಸರದಿ ಬಿಟ್ಟು ನಿಂತೆವು. ಆ ಹೆಂಗಸರು ವ್ಯಾನು ಹತ್ತಲಿಲ್ಲ. ನಮ್ಮ ಪಕ್ಕದಲ್ಲೇ ಕೂತರು. ಶೆಡ್ಡಿನೊಳಗೆ ಒಡೆದ ಮೊಟ್ಟೆಗಳ ಲೋಳೆ ಪರದೆಯಡಿಯಿಂದ ಹೊರಗೂ ಹರಿಯುತ್ತಿತ್ತು.

ಮಧ್ಯಾಹ್ನಕ್ಕೆ ಯಂತ್ರ ಭೋರೆಂದಿತು. ನೀರಿನ ಗೋಡೆ ಇಳಿಯತೊಡಗಿತು. ಕೆಲವರು ಎದ್ದರು, ಟ್ರೇಗೆ ಕೈ ಹಾಕಿದರು.

"ಇರ್ರೇ" ಎಂದಳು ಅತ್ತಿಗೆ. "ಇದು ಇವತ್ತಿಗೆ ಓಡ್ತಿದೆಯೋ, ನಾಳೆಗೂ ಓಡುತ್ತೋ? ನಾವು ಒಳಗಿದ್ರೆ ಫ್ಯಾನು ಕಾಣಲ್ಲ, ಕೋಳಿ ಗದ್ದಲದಲ್ಲಿ ಸದ್ದು ಕೇಳಲ್ಲ. ಮೂಗಂತೂ ಹೇಳಲ್ಲ. ನಿಲ್ಸಿದ್ರೆ ಗೊತ್ತಾಗೋದು ಹೇಗೆ?"

ಅದಕ್ಕೆ ಉತ್ತರವಾದವನು ನಮ್ಮಣ್ಣ.

ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಗೂಡಿನಡಿಗೆ ನಾವು ಬಿಡಲಿಲ್ಲ. ಅವನ ಪಾಲಿನ ಹಿಕ್ಕೆಯನ್ನು ಎಲ್ಲರೂ ಸೇರಿ ಎಳೆಯುತ್ತೇವೆ. ಅವನು ಶೆಡ್ಡಿನ ಹಿಂದೆ, ಯಂತ್ರದ ಪಕ್ಕ, ಮರದ ನೆರಳಲ್ಲಿ ಕೂರುತ್ತಾನೆ. ಬಲಗಣ್ಣು ಮಬ್ಬು ಮಬ್ಬಾಗಿ ಉಳಿದಿದೆ. ಕಿವಿ ಚುರುಕಾಗಿದೆ. ತಲೆಯ ಮೇಲಿನ ಕೊಂಬೆಗೆ ಒಂದು ಹಳೆಯ ಕಬ್ಬಿಣದ ತಗಡು ಕಟ್ಟಿದ್ದೇವೆ, ಕೈಯಲ್ಲಿ ಹಿಕ್ಕೆ ಬಾಚುವ ಸಲಿಕೆಯ ಮುರಿದ ಹಿಡಿ. ಮೇನೇಜರು, "ಇವನ್ಯಾಕೆ ಇಲ್ಲಿ ದಂಡಕ್ಕೆ ಕೂತಿದ್ದಾನೆ?" ಎಂದ. "ಸಂಗೀತ ಕೇಳ್ತಿದ್ದೀನಿ ಸಾರ್" ಎಂದ ಅಣ್ಣ.

ಅಧಿಕಾರಿ ಮತ್ತೊಮ್ಮೆ ಬಂದರು. ನಾವು ಇದ್ದದ್ದನ್ನೆಲ್ಲ ಹೇಳಿದೆವು. ವಿಚಾರಿಸುತ್ತೇವೆ ಎಂದು ಹೇಳಿ ಹೋದರು. ಗೇಟಿನ ಬೋರ್ಡಿಗೆ ಹೊಸ ಬಣ್ಣ ಬಂತು, ಅದರ ಕೆಳಗೆ ಯಾವುದೋ ಪ್ರಶಸ್ತಿಯ ಫಲಕವೂ ಬಂತು. ಎಲ್ಲ ಚೆನ್ನಾಗಿತ್ತು. ಎಲ್ಲ ಚೆನ್ನಾಗಿದ್ದುದಕ್ಕೇ ಅತ್ತಿಗೆಗೆ ಅನುಮಾನ.

ಫಲಕ ಬಂದ ಮಾರನೆಯ ದಿನ. ನಾವೆಲ್ಲ ಒಳಗೆ ಬಗ್ಗಿ ಮೊಟ್ಟೆ ಆಯುತ್ತಿದ್ದೆವು. ಕೋಳಿಗಳು ಎಂದಿನಂತೆ ಗಲಾಟೆ ಮಾಡುತ್ತಿದ್ದವು. ನಮ್ಮ ಮೂಗಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಹಿಂದಿನಿಂದ ತಗಡಿನ ಸದ್ದು ಬಂತು. ಢಣ್. ಢಣ್. ಢಣ್.

ಅತ್ತಿಗೆ ಕೈಯಲ್ಲಿದ್ದ ಮೊಟ್ಟೆಯನ್ನು ಮರಳಿ ದೋಣಿಯಲ್ಲಿಟ್ಟಳು. ನಮ್ಮ ಜೊತೆಗೇ ಕೆಲಸಕ್ಕೆ ಉಳಿದ ಹೊಸ ಹುಡುಗಿ ಟ್ರೇ ಕೆಳಗಿಟ್ಟಳು. ನಾನೂ ಇಟ್ಟೆ. ಯಾರೂ ಯಾರನ್ನೂ ಕೇಳಲಿಲ್ಲ. ಪರದೆ ಸರಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದೆವು. ಮೇನೇಜರು ಆಫೀಸಿನಿಂದ ಓಡಿಬರುತ್ತಿದ್ದ. ಅಣ್ಣ ಇನ್ನೂ ಬಡಿಯುತ್ತಲೇ ಇದ್ದ.